ಕತ್ತಿ ಮಾತ್ರ ಬೇಕು, ಸಾಕ್ಷಿ ಬೇಡವಾ?

ನಮ್ಮ ಕಾಸರಗೋಡಿನ ಉಪ್ಪಳದಲ್ಲೋ ಮಂಜೇಶ್ವರದಲ್ಲೋ ಎಂಡಿಎಂಎ ಅನ್ನುವ ಮಾದಕ ವಸ್ತು ಹಿಡಿದರು ಅಂತ ಸುದ್ದಿ ಬಂದರೆ ಸಾಕು, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ರಾಗ: "ಇವರಿಗೆಲ್ಲ ಗಲ್ಫ್ ಕಾನೂನೇ ಆಗಬೇಕು, ತಲೆ ತೆಗೀಬೇಕು." ಬೇರೆ ದಿನ ಶರೀಅತ್ ಅಂದರೆ ಉರಿದುಬೀಳುವವರೂ ಅವತ್ತು ಇದಕ್ಕೆ ಲೈಕ್ ಒತ್ತುತ್ತಾರೆ. ಅದೂ ಒಂದು ಸೌಹಾರ್ದವೇ ಅನ್ನಿ.

ಆ ಕಾನೂನಿನಲ್ಲಿ ಏನಿದೆ ಅಂತ ಯಾರಾದರೂ ನೋಡಿದ್ದೀರಾ? ಹೆಣ್ಣಿನ ಮೇಲೆ ವ್ಯಭಿಚಾರದ ಆರೋಪ ಹೊರಿಸಿದವನು ನಾಲ್ಕು ಸಾಕ್ಷಿ ತರಬೇಕು. ತರದಿದ್ದರೆ ಆರೋಪ ಹೊರಿಸಿದವನಿಗೇ 80 ಛಡಿಯೇಟು, ಕುರ್‌ಆನಿನಲ್ಲೇ ಇದೆ. (ಈ ಒಂದು ನಿಯಮ ಜಾರಿಗೆ ಬಂದರೆ ನಮ್ಮ ಗ್ರೂಪಿನ ಅಡ್ಮಿನ್ನೂ ಉಳಿಯಲಿಕ್ಕಿಲ್ಲ.) ಕಳ್ಳನ ಕೈ ಕಡಿಯಬೇಕಾದರೂ ಮಾಲಿಗೆ ಇಂತಿಷ್ಟು ಬೆಲೆ ಇರಬೇಕು, ಭದ್ರವಾಗಿಟ್ಟ ಜಾಗದಿಂದ ಕದ್ದಿರಬೇಕು. ಸಂಶಯ ಬಂದರೆ ಆ ಶಿಕ್ಷೆ ಇಲ್ಲ. ಬರಗಾಲದ ವರ್ಷ ಖಲೀಫ ಉಮರ್ ಕೈ ಕಡಿಯುವುದನ್ನೇ ನಿಲ್ಲಿಸಿದ್ದರಂತೆ. ಕೊಲೆಯಾದರೆ ಸತ್ತವನ ಮನೆಯವರು ದಿಯಾ (ಜೀವಕ್ಕೆ ಪರಿಹಾರದ) ಹಣ ಪಡೆದೋ ಪಡೆಯದೆಯೋ ಕ್ಷಮಿಸಬಹುದು. ಸೌದಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೋಝಿಕ್ಕೋಡಿನವರೊಬ್ಬರಿಗಾಗಿ 2024ರಲ್ಲಿ 34 ಕೋಟಿ ರೂಪಾಯಿ ಒಟ್ಟಾದದ್ದು ಮರೆತುಹೋಯಿತಾ? ಜಾತಿ ಧರ್ಮ ನೋಡದೆ ಹಣ ಹಾಕಿದವರು ಇದೇ ಕೇರಳದ ಜನ.

ಮಾದಕ ವಸ್ತುವಿಗೆ ತಲೆದಂಡ ಕುರ್‌ಆನ್ ಹೇಳಿದ ಶಿಕ್ಷೆಯೇ ಅಲ್ಲ, ಆಳುವವರ ವಿವೇಚನೆಗೆ ಬಿಟ್ಟ ತಅಝೀರ್. ಸೌದಿ 2024ರಲ್ಲಿ 300ಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ಜಾರಿ ಮಾಡಿತು, ಅದರಲ್ಲಿ 100ಕ್ಕೂ ಹೆಚ್ಚು ಇಂಥವೇ ಕೇಸು. ಕ್ಯಾಪ್ಟಗಾನ್ ಅನ್ನುವ ಅಮಲು ಮಾತ್ರೆ ಅಲ್ಲಿಗೆ ಬರುವುದೇನೂ ನಿಂತಿಲ್ಲ. ನಮ್ಮ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯಲ್ಲೂ ದೊಡ್ಡ ಪ್ರಮಾಣದ ಮಾಲಿನೊಂದಿಗೆ ಮತ್ತೆ ಸಿಕ್ಕಿಬಿದ್ದವನಿಗೆ ಗಲ್ಲು ವಿಧಿಸುವ ಸೆಕ್ಷನ್ 1989ರಿಂದ ಇದೆ. ಬೈಕಿನಲ್ಲಿ ಪೊಟ್ಟಣ ಸಾಗಿಸುವ ಹುಡುಗ ಅದನ್ನು ಓದಿ ಹೆದರಿದ್ದಾನಾ?

ರಿಯಾದಿನಲ್ಲಿ ದುಡಿದು ಬಂದ ನೆರೆಮನೆಯ ಇಚ್ಚನ (ಅಣ್ಣನ) ಹತ್ತಿರ ಇದನ್ನೇ ಕೇಳಿದೆ. "ಕತ್ತಿ ಯಾರು ನೋಡಿದ್ದಾರೆ ಮಾರಾಯ? ಇಖಾಮ, ಅಂದ್ರೆ ಅಲ್ಲಿರೋ ಪರವಾನಗಿ, ಕೇಳುವ ಪೊಲೀಸ್ ದಿನಾ ಎದುರಿಗೇ ಇರ್ತಿದ್ದ. ಸಣ್ಣ ಕೇಸಾದ್ರೂ ಊರಿಗೆ ಕಳಿಸ್ತಾನೆ. ವೀಸಾದ ಸಾಲ ಮತ್ತೆ ಯಾರು ತೀರಿಸೋದು, ನೀನಾ?" ಅಂದರು. ಸಿಕ್ಕಿಬೀಳುತ್ತೇನೆ ಅನ್ನುವ ಖಾತ್ರಿ ಇದ್ದರೆ ಸಣ್ಣ ಶಿಕ್ಷೆಗೂ ಜನ ಹೆದರುತ್ತಾರೆ. ಅದಿಲ್ಲದಿದ್ದರೆ ಗಲ್ಲೂ ಪುಸ್ತಕದಲ್ಲೇ.

ನಮ್ಮಲ್ಲಿ ಆ ಖಾತ್ರಿ ಎಷ್ಟಿದೆ? 2017ರ ಮಾರ್ಚಿನಲ್ಲಿ ಇದೇ ಕಾಸರಗೋಡಿನ ಚೂರಿಯಲ್ಲಿ ಮದರಸಾ ಅಧ್ಯಾಪಕರೊಬ್ಬರ ಕೊಲೆಯಾಯಿತು. ಮೂವರು ಆರೋಪಿಗಳು ಜಾಮೀನಿಲ್ಲದೆ 7 ವರ್ಷ ಜೈಲಿನಲ್ಲಿದ್ದರು. 2024ರ ಮಾರ್ಚಿನಲ್ಲಿ ಸೆಷನ್ಸ್ ಕೋರ್ಟು ಮೂವರನ್ನೂ ಖುಲಾಸೆ ಮಾಡಿತು, ಸರ್ಕಾರ ಹೈಕೋರ್ಟಿಗೆ ಹೋಯಿತು. ಇಲ್ಲಿ ಶಿಕ್ಷೆ ಕಮ್ಮಿಯಾದ ಪ್ರಶ್ನೆಯೇ ಇಲ್ಲ, ಸೆಷನ್ಸ್ ಕೋರ್ಟಿನಲ್ಲಿ ಕೇಸೇ ನಿಲ್ಲಲಿಲ್ಲ. ಕೊಂದವರು ಅವರಲ್ಲ ಅಂತಾದರೆ ಆ 7 ವರ್ಷ ಯಾರ ಲೆಕ್ಕಕ್ಕೆ? ಮತ್ತೆ, ಕೊಂದವರು ಯಾರು?