ತೋಳ ಬಂತು ತೋಳ, ಜಿಎಸ್‌ಟಿ ಬೇರೆ

ಮೂಡಿಗೆರೆ ಕಡೆಯ ಒಂದು ಕ್ಯಾಂಪಿನ ಜಾಹೀರಾತು ನನ್ನ ಮೊಬೈಲಿಗೆ ಬಂತು. ಟೆಂಟು, ಕ್ಯಾಂಪ್ ಫೈರು, ಹೊಟ್ಟೆ ಬಿರಿಯುವಷ್ಟು ಬಾರ್ಬೆಕ್ಯೂ. ಕೊನೆಯ ಸಾಲು, ‘ತೋಳಗಳ ಊಳಿನ ನಡುವೆ ಒಂದು ರಾತ್ರಿ’. ತಲೆಗೆ 3,500 ರೂಪಾಯಿ, ಜಿಎಸ್‌ಟಿ ಬೇರೆ.

ತೋಳಕ್ಕೂ ಜಿಎಸ್‌ಟಿ ಇದೆ ಅಂತ ಗೊತ್ತಾಗಿದ್ದು ಅವತ್ತೇ.

ನಾನು ಹುಟ್ಟಿ ಬೆಳೆದದ್ದು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ ತೋಟಗಳಲ್ಲಿ ಆನೆ ಇದೆ, ಕಾಟಿ ಇದೆ, ಹಂದಿ ಇದೆ, ಅದೃಷ್ಟ ಕೆಟ್ಟರೆ ಬಚ್ಚಲಲ್ಲಿ ಕಾಳಿಂಗ ಸರ್ಪವೂ ಇದೆ. ತೋಳ ಮಾತ್ರ ಇಲ್ಲ. ಅದು ಬಯಲುಸೀಮೆಯ ಪ್ರಾಣಿ. ಹುಲ್ಲುಗಾವಲು, ಕುರುಚಲು ಗಿಡ, ಓಡೋದಕ್ಕೆ ಜಾಗ ಬೇಕು ಅದಕ್ಕೆ. ದುಡ್ಡು ಕೊಟ್ಟು ಮಳೆಯಲ್ಲಿ ನೆಂದು ಜಿಗಣೆ ಕಚ್ಚಿಸಿಕೊಳ್ಳುವ ಹುಚ್ಚು ತೋಳಕ್ಕಿಲ್ಲ.

ಇದನ್ನೆಲ್ಲ ಬೆಂಗಳೂರಿನ ನನ್ನ ಅಕ್ಕನ ಮಗನಿಗೆ ಹೇಳಿದೆ. ‘ಮಾವ, ನೀವು ಸುಮ್ನೆ ಬನ್ನಿ’ ಅಂದ. ಹೋದೆ.

ರಾತ್ರಿ ಒಂಬತ್ತಕ್ಕೆ ಸರಿಯಾಗಿ ತೋಳ ಊಳಿಟ್ಟಿತು. ಇಷ್ಟು ಕರೆಕ್ಟ್ ಟೈಮಿಗೆ ನಮ್ಮೂರಿಗೆ ಬಸ್ಸೂ ಬರೋದಿಲ್ಲ. ಇಪ್ಪತ್ತು ಮೊಬೈಲು ಮೇಲೆದ್ದವು. ಒಬ್ಬಳು ಗಂಡನ ತೋಳು ಹಿಡಿದಳು. ಎರಡನೇ ಊಳು ಅರ್ಧದಲ್ಲಿ ನಿಂತು, ಅಡುಗೆಮನೆ ಹಿಂದಿನಿಂದ ಬನಿಯನ್ ಜಾಹೀರಾತು ಕೇಳಿಸಿತು. ಮ್ಯಾನೇಜರ್ ತಲೆ ಕೆರೆದುಕೊಂಡು, ‘ಪ್ರೀಮಿಯಂ ತಗೊಂಡಿಲ್ಲ ಸಾರ್’ ಅಂದ.

ಅಸಲಿ ಪ್ರಾಣಿ ಬಂದದ್ದು ಹತ್ತೂವರೆಗೆ. ಪಕ್ಕದ ತೋಟದಲ್ಲಿ ಒಂಟಿಸಲಗ ಇದೆ ಅಂತ ವಾಟ್ಸಾಪಿನಲ್ಲಿ ಮೆಸೇಜು. ಬೇಲೂರು, ಆಲೂರು, ಸಕಲೇಶಪುರದ ಕಡೆ ಇಂಥ ಮೆಸೇಜು ನೋಡದೆ ಬೆಳಗ್ಗೆ ಆಳುಗಳನ್ನು ತೋಟಕ್ಕೆ ಕಳಿಸೋದಿಲ್ಲ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ಹತ್ತಿರ ಕಾಡಾನೆ ಹಿಡಿಯಲು ಹೋಗಿ, ಎಂಟು ದಸರೆಗೆ ಅಂಬಾರಿ ಹೊತ್ತ ಅರ್ಜುನನೇ ಸತ್ತ. ಕಾಡಾನೆ ಅಂದರೆ ನಮಗೆ ತಮಾಷೆಯಲ್ಲ. ಮ್ಯಾನೇಜರ್ ಡಿಜೆ ಆರಿಸಿ, ಎಲ್ಲರನ್ನೂ ಕಟ್ಟಡದೊಳಗೆ ತುಂಬಿದ. ಒಬ್ಬ ಮಹಾಶಯ ಮಾತ್ರ ಜಗಳಕ್ಕೆ ನಿಂತ: ‘ನಾವು ಬುಕ್ ಮಾಡಿದ್ದು ತೋಳ. ಆನೆ ಯಾಕೆ ಬಂತು? ರೀಫಂಡ್ ಕೊಡಿ.’ ಬೆಳಗ್ಗೆ ರಿವ್ಯೂ ಕೂಡ ಬರೆದನಂತೆ. ಪ್ರಾಣಿಗಳ ಮೇಲೆ ಸಿಬ್ಬಂದಿಗೆ ಹಿಡಿತವಿಲ್ಲ, ಎರಡು ಸ್ಟಾರ್.

ತೋಳ ನೋಡಲೇಬೇಕು ಅನ್ನುವವರು ಇದೇ ಜಿಲ್ಲೆಯ ಕಡೂರಿಗೆ ಹೋಗಬಹುದಿತ್ತು. ಅಲ್ಲಿ ಬಾಸೂರಿನ ಅಮೃತಮಹಲ್ ಕಾವಲಿದೆ, ಅಂದರೆ ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲು. ಕೃಷ್ಣಮೃಗಗಳಿಗಾಗಿ 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರು. ಆ ಬಯಲಲ್ಲಿ ತೋಳವೂ ಇದೆ. ಆದರೆ ಮಂಜಿಲ್ಲ, ಜಲಪಾತವಿಲ್ಲ, ಫೋಟೊಗೆ ಒಂದು ದೊಡ್ಡ ಮರವೂ ಇಲ್ಲ. ಮರ ಇಲ್ಲದ ಜಾಗ ಕಂಡರೆ ನಮ್ಮವರು ‘ಪಾಳು ಬಿದ್ದಿದೆ’ ಅಂತಾರೆ, ಸಸಿ ನೆಡೋದಕ್ಕೆ ಗುದ್ದಲಿ ಹಿಡಿದು ಬರ್ತಾರೆ.

ಹೋದ ವಾರ ಕೆಲಸದ ಮೇಲೆ ಕಡೂರಿಗೆ ಹೋಗಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಕುರಿ ಮಂದೆ. ಒಬ್ಬ ಅಜ್ಜ ಕಂಬಳಿ ಹೊದ್ದು ಕೂತಿದ್ದ. ತೋಳ ಬರುತ್ತಾ ಅಂತ ಕೇಳಿದೆ.

‘ಬರ್ದೆ ಏನು? ಮೊನ್ನೆ ಒಂದು ಮರಿ ಎತ್ಕೊಂಡು ಹೋಯ್ತು. ಅದಕ್ಕೇ ರಾತ್ರಿಯೆಲ್ಲ ಇಲ್ಲೇ ಮಲಗೋದು.’

ಟೆಂಟ್ ಇಲ್ವಾ ಅಂದೆ. ಕಂಬಳಿ ತೋರಿಸಿದ. ಮೂಡಿಗೆರೆಯಲ್ಲಿ ಹೀಗೆ ಒಂದು ರಾತ್ರಿ ಮಲಗೋದಕ್ಕೆ ಮೂರೂವರೆ ಸಾವಿರ ಕೊಡ್ತಾರೆ ಅಂದೆ.

‘ಯಾರು, ಹೊಲದೋರಾ?’

ಅಲ್ಲ ಅಜ್ಜ, ಮಲಗೋರೇ ಕೊಡ್ತಾರೆ.

ಅಜ್ಜ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ‘ಗೊಬ್ಬರ ಆಗ್ಲಿ ಅಂತ ನಮ್ಗೆ ಹೊಲದೋರೇ ದುಡ್ಡು ಕೊಟ್ಟು ಮಲಗಿಸ್ಕೋತಾರಪ್ಪ’ ಅಂದವನು, ಸ್ವಲ್ಪ ತಡೆದು ಕೇಳಿದ: ‘ಅವ್ರು ಕುರಿ ಎಷ್ಟು ತರ್ತಾರೆ?’