‘ಪ್ರೀತಿಯ ಹಾರ್ಮೋನ್’ ಅನ್ನೋ ಹೆಸರು ನನಗೆ ಇಷ್ಟವಿಲ್ಲ

ತಂಗಿಗೆ ಸಿಸೇರಿಯನ್ ಆಗಿ ಹನ್ನೆರಡು ದಿನವಾಗಿತ್ತು. ರಾತ್ರಿ ಫೋನ್ ಮಾಡಿ ಅತ್ತಳು. ಯಾರೋ ವಾಟ್ಸಾಪ್‌ನಲ್ಲಿ ಏನೋ ಕಳಿಸಿದ್ದರಂತೆ. ನಾರ್ಮಲ್ ಹೆರಿಗೆ ಆಗದಿದ್ದರೆ ‘ಪ್ರೀತಿಯ ಹಾರ್ಮೋನ್’ ಆಕ್ಸಿಟೋಸಿನ್ ಬರುವುದಿಲ್ಲ, ಅದಿಲ್ಲದೆ ಮಗುವಿನ ಮೇಲೆ ಪ್ರೀತಿ ಹುಟ್ಟುವುದಿಲ್ಲ ಅಂತ. ‘ನನಗೆ ಏನೂ ಅನ್ನಿಸ್ತಾನೇ ಇಲ್ಲ ಅಕ್ಕ, ಅದಕ್ಕೇ ಇರಬೇಕು’ ಅಂದಳು. ಅಷ್ಟರಲ್ಲಿ ಮಗು ಅತ್ತಿತು. ‘ತಡಿ, ಹಾಲು ಇಳಿದು ನೈಟಿ ಎಲ್ಲಾ ಒದ್ದೆ ಆಯ್ತು’ ಅಂದಳು.

ಅದೇ ಆಕ್ಸಿಟೋಸಿನ್ ಕಣೇ, ಅಂದೆ.

ನಮ್ಮ ಅಜ್ಜಿಗೆ ಈ ಹೆಸರು ಗೊತ್ತಿರಲಿಲ್ಲ, ಅದರ ಕೆಲಸ ಗೊತ್ತಿತ್ತು. ಕರು ಬಿಟ್ಟು, ಅದು ಕೆಚ್ಚಲಿಗೆ ನಾಲ್ಕು ಸಲ ಗುದ್ದಿದ ಮೇಲೆ ‘ಹಸು ಸೊರ ಬಿಡ್ತು’ ಅನ್ನುತ್ತಿದ್ದರು. ಆಮೇಲೇ ಚೊಂಬು ಹಿಡಿದು ಕೂರುವುದು. ಕೊಟ್ಟಿಗೆಯಲ್ಲಿ ಗಲಾಟೆ ಮಾಡಿದರೆ ಬೈಗುಳ ಖಚಿತ. ಬೆದರಿದ ಹಸು ಹಾಲು ಇಳಿಸುವುದಿಲ್ಲ. ಕರು ಬಾಯಿ ಹಾಕಿದ್ದು ನರಗಳ ಮೂಲಕ ಹಸುವಿನ ಮೆದುಳಿಗೆ ತಿಳಿಯುತ್ತದೆ. ಆಕ್ಸಿಟೋಸಿನ್ ರಕ್ತಕ್ಕೆ ಇಳಿದು, ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲು ಸೇರಿ, ಹಾಲು ತುಂಬಿದ ಪುಟ್ಟ ಚೀಲಗಳನ್ನು ಹಿಂಡಿಸುತ್ತದೆ. ಗಾಬರಿಯಾದರೆ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನ್ ಬಂದು ಅದಕ್ಕೆ ಅಡ್ಡ ನಿಲ್ಲುತ್ತದೆ.

ಆಕ್ಸಿಟೋಸಿನ್ ಅಂದರೆ ಗ್ರೀಕ್ ಭಾಷೆಯಲ್ಲಿ ‘ಬೇಗ ಹೆರಿಗೆ’ ಅಂತ. ಅದು ಹೊರಬರುವುದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ. ಆ ಗ್ರಂಥಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಬಿಗಿಯಾಗಿಸುವುದನ್ನು 1906ರಲ್ಲಿ ಬ್ರಿಟಿಷ್ ವಿಜ್ಞಾನಿ ಹೆನ್ರಿ ಡೇಲ್ ಕಂಡರು. ಆಕ್ಸಿಟೋಸಿನ್ ಅಂದರೆ ಬರೀ ಒಂಬತ್ತು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿ ತುಣುಕುಗಳ ಸರಪಳಿ. ಅದನ್ನು ಅಮೆರಿಕದ ರಸಾಯನ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಲ್ಯಾಬ್‌ನಲ್ಲೇ ಕಟ್ಟಿದರು. 1955ರ ನೊಬೆಲ್ ಬಂತು. ಇವತ್ತು ಮಗು ಹುಟ್ಟಿದ ಕೂಡಲೇ ತಾಯಿಯ ತೊಡೆಗೆ ಕೊಡುವ 10 ಯೂನಿಟ್ ಇಂಜೆಕ್ಷನ್ ಇದೇ. ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳು ಬಾಯ್ತೆರೆದಿರುತ್ತವೆ. ಗರ್ಭಕೋಶ ಬಿಗಿಯಾದರೆ ಅವು ಮುಚ್ಚುತ್ತವೆ, ಇಲ್ಲದಿದ್ದರೆ ರಕ್ತ ಹರಿದು ಜೀವವೇ ಹೋಗಬಹುದು. ಸಿಸೇರಿಯನ್‌ನಲ್ಲೂ ಡ್ರಿಪ್‌ನಲ್ಲಿ ಇದನ್ನೇ ಕೊಡುತ್ತಾರೆ. ಎಷ್ಟು ತಾಯಂದಿರನ್ನು ಉಳಿಸಿದ ಔಷಧಿ ಇದು! ಇದನ್ನು ಬಿಟ್ಟು ನಮಗೆ ‘ಅಪ್ಪುಗೆಯ ಹಾರ್ಮೋನ್’ ಮಾತ್ರ ನೆನಪಿರುತ್ತದೆ, ಅಲ್ವಾ?

ಆ ಮಾತಿಗೆ ಜಾಸ್ತಿ ರೆಕ್ಕೆ ಬಂದದ್ದು 2005ರಲ್ಲಿ. ಜ್ಯೂರಿಕ್‌ನಲ್ಲಿ ಮೂಗಿಗೆ ಆಕ್ಸಿಟೋಸಿನ್ ಸ್ಪ್ರೇ ಹೊಡೆಸಿಕೊಂಡವರು ಹಣದ ಆಟದಲ್ಲಿ ಅಪರಿಚಿತರನ್ನು ಹೆಚ್ಚು ನಂಬಿದರು ಎಂಬ ಅಧ್ಯಯನ ಬಂತು. ಇನ್ನೂ ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಸಿಗಲಿಲ್ಲ. ಅದು ಪ್ರಕಟವಾದದ್ದು 2020ರಲ್ಲಿ. 2021ರಲ್ಲಿ ಆಟಿಸಂ ಇರುವ 290 ಮಕ್ಕಳ ಮೇಲಿನ ಅಮೆರಿಕದ ಪರೀಕ್ಷೆಯಲ್ಲೂ ಇತರರೊಂದಿಗೆ ಬೆರೆಯುವುದಕ್ಕೆ ಈ ಸ್ಪ್ರೇ, ಔಷಧಿಯೇ ಇಲ್ಲದ ಖಾಲಿ ಸ್ಪ್ರೇಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಎಷ್ಟು ಅಪ್ಪ ಅಮ್ಮಂದಿರು ಆಸೆ ಇಟ್ಟುಕೊಂಡಿದ್ದರೋ.

ಇನ್ನು ಜೋಡಿ ಬಿಡದ ಪ್ರೇರಿ ವೋಲ್ ಇಲಿಗಳು. ಪ್ರೀತಿಯ ಕಥೆ ಶುರುವಾದದ್ದೇ ಅವುಗಳಿಂದ. ಆಕ್ಸಿಟೋಸಿನ್ ಹಿಡಿಯುವ ರಿಸೆಪ್ಟರ್ ಇಲ್ಲದಂತೆ ಅವುಗಳ ಜೀನ್ ತಿದ್ದಿದರು. ಆದರೂ ಅವು ಜೋಡಿ ಕಟ್ಟಿದವು. ಮರಿ ಹಾಕಿದವು, ಹಾಲನ್ನೂ ಕುಡಿಸಿದವು. ಇದು 2023ರ ಸುದ್ದಿ. ಆಕ್ಸಿಟೋಸಿನ್‌ಗೂ ಪ್ರೀತಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆ ಒಂದೇ ಎಳೆಯ ಮೇಲೆ ಅಷ್ಟು ದೊಡ್ಡ ವಿಷಯ ನಿಂತಿಲ್ಲ.

ಇದನ್ನೆಲ್ಲ ತಂಗಿಗೆ ಹೇಳಿದೆ. ಸ್ವಲ್ಪ ಸಮಾಧಾನವಾಯಿತು, ಪೂರ್ತಿ ಅಲ್ಲ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದಾಗ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಹೆರಿಗೆಯ ನಂತರದ ಖಿನ್ನತೆ ಅಂದರು, ಇದಕ್ಕೆ ಚಿಕಿತ್ಸೆ ಇದೆ ಅಂದರು. ಆ ವಾಟ್ಸಾಪ್ ಬರಹ ನಿಮಗೂ ಬಂದಿದ್ದರೆ, ದಯವಿಟ್ಟು ಯಾವ ಬಾಣಂತಿಗೂ ಕಳಿಸಬೇಡಿ.