ಸತ್ಯಾಂಶ: ಔಷಧಿಗೆ ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯಾ

“ಪದೇ ಪದೇ ಆ್ಯಂಟಿಬಯೋಟಿಕ್ ನುಂಗಿದವರ ದೇಹ ಅದಕ್ಕೆ ಒಗ್ಗಿಹೋಗುತ್ತದೆ; ಮಾತ್ರೆ ಮುಟ್ಟದವರಿಗೆ ಆಸ್ಪತ್ರೆಯಲ್ಲಿ ಭಯವಿಲ್ಲ.” ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಈ ಮಾತು ತಪ್ಪು. ಇದನ್ನು ನಂಬಿ ನಿಶ್ಚಿಂತರಾಗುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಔಷಧಿಯನ್ನು ತಡೆದುಕೊಳ್ಳಲು ಕಲಿಯುವುದು ಬ್ಯಾಕ್ಟೀರಿಯಾ. ದುರ್ಬಲವಾದವು ಸತ್ತಾಗ ಗಟ್ಟಿಯಾದವು ಉಳಿದು ಹೆಚ್ಚುತ್ತವೆ. ಅಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಆ ಶಕ್ತಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಹಾಗಾಗಿ ವರ್ಷಗಳಿಂದ ಒಂದೂ ಮಾತ್ರೆ ತಿನ್ನದ ಅಜ್ಜಿಗೂ ಆಸ್ಪತ್ರೆಯಲ್ಲಿ ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾದ ಹಟಮಾರಿ ಸೋಂಕು ತಗುಲಬಹುದು: ತೊಳೆಯದ ಕೈಯಿಂದ, ಮೂತ್ರ ಹೊರಹೋಗಲು ಹಾಕುವ ಕೊಳವೆಯಾದ ಕ್ಯಾತಿಟರ್‌ನಿಂದ, ವೆಂಟಿಲೇಟರ್ ಕೊಳವೆಯಿಂದ.

ದುಬಾರಿ ಇಂಜೆಕ್ಷನ್ ಎಲ್ಲವನ್ನೂ ಕೊಲ್ಲುತ್ತದೆ ಎಂಬುದೂ ಸುಳ್ಳು. ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್ ಸೋತಾಗ ವೈದ್ಯರು ಕೆಲವೊಮ್ಮೆ ಕೊಲಿಸ್ಟಿನ್ ಬಳಸಬೇಕಾಗುತ್ತದೆ. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಹಿಂದೆ ಬಹುಮಟ್ಟಿಗೆ ಬದಿಗಿಟ್ಟಿದ್ದ ಹಳೆಯ ಔಷಧಿ ಅದು. ಆದ್ದರಿಂದಲೇ ಸಾಧ್ಯವಾದಾಗಲೆಲ್ಲ ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ರಕ್ತ ಅಥವಾ ಮೂತ್ರವನ್ನು ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ಪರೀಕ್ಷೆಗೆ ಕಳುಹಿಸುತ್ತಾರೆ. ವರದಿಗೆ ಸಾಮಾನ್ಯವಾಗಿ ಎರಡು-ಮೂರು ದಿನ ಬೇಕು. ಅದು ಬಂದ ಮೇಲೆ ಔಷಧಿ ಬದಲಿಸಿದರೆ ಗಾಬರಿ ಬೇಡ. ಅದು ಒಳ್ಳೆಯ ಚಿಕಿತ್ಸೆಯ ಲಕ್ಷಣ.

ತಡೆಗಟ್ಟುವ ದಾರಿ ಹಳೆಯದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಉಳಿದ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ತೀವ್ರವಾಗಿ ಇಳಿಯಿತು. ರೋಗಿಯನ್ನು ನೋಡಲು ಹೋದಾಗ ಮುಟ್ಟುವ ಮುನ್ನ, ಮುಟ್ಟಿದ ಮೇಲೆ ಕೈ ಶುಚಿ ಮಾಡಿಕೊಳ್ಳಿ. “ಕ್ಯಾತಿಟರ್ ಇನ್ನೂ ಬೇಕೇ?” ಎಂದು ದಿನವೂ ವೈದ್ಯರನ್ನು ಕೇಳಿ.